ಬೆಲೆ ಏರಿಕೆಗಿಂತ ಉದ್ರಿಯ ಭಾರ ದೊಡ್ಡದು: ಗುಳೇದಗುಡ್ಡದ ಓದುಗರಿಗೊಂದು ಉತ್ತರ

ಪ್ರಶ್ನೆ: ನಮ್ಮದು ಗುಳೇದಗುಡ್ಡ. ಮನೆಯಲ್ಲಿ ಅತ್ತೆ, ನಾವಿಬ್ಬರು, ಏಳು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳು. ಮನೆಯವರು ಬಾಗಲಕೋಟೆ ನವನಗರದ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುತ್ತಾರೆ. ಬೈಕಿನಲ್ಲಿ ಹೋಗಿ ಬರುವುದು ದಿನಕ್ಕೆ ಸುಮಾರು 50 ಕಿ.ಮೀ. ಅವರ ಸಂಬಳ, ನನ್ನ ಹೊಲಿಗೆಯ ಗಳಿಕೆ ಸೇರಿ ತಿಂಗಳಿಗೆ 29,000 ರೂಪಾಯಿ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಓಣಿಯವರು ಸೇರಿ ನಡೆಸುವ ಭಿಶಿಗೆ (ಚೀಟಿ ಫಂಡಿಗೆ) ತುಂಬುತ್ತೇನೆ. ನನ್ನ ನಂಬರು ಬರುವ ಮಾರ್ಚಿಗೆ ಇದೆ, 24,000 ಸಿಗುತ್ತದೆ. ಎರಡು ವರ್ಷದ ಹಿಂದೆ 7,000ದೊಳಗೆ ಮುಗಿಯುತ್ತಿದ್ದ ಕಿರಾಣಿ ಈಗ 9,000 ದಾಟುತ್ತದೆ. ಅಂಗಡಿಯಲ್ಲಿ 14,000 ಉದ್ರಿ ನಿಂತಿದೆ. ಪುಣ್ಯಕ್ಕೆ ಅದಕ್ಕೆ ಬಡ್ಡಿ ಹಾಕುವುದಿಲ್ಲ. ದರ ಏಕೆ ಏರಿತು ಎಂದರೆ ಡೀಸೆಲ್ ಏರಿದ್ದಕ್ಕೆ ಎನ್ನುತ್ತಾರೆ. ಮಕ್ಕಳ ಹಾಲನ್ನು ಒಂದು ಲೀಟರಿನಿಂದ ಅರ್ಧಕ್ಕೆ ಇಳಿಸಿದ್ದೇವೆ. ಟಿವಿಯಲ್ಲಿ ಹಣದುಬ್ಬರ ಇಳಿದಿದೆ ಎನ್ನುತ್ತಾರೆ, ನಮ್ಮ ಚೀಟಿಯಲ್ಲಿ ಮಾತ್ರ ಇಳಿದದ್ದು ಕಾಣುವುದಿಲ್ಲ. ಸೊಸೈಟಿಯಲ್ಲಿ 40,000 ಸಾಲ ತೆಗೆದು ವರ್ಷದ ಜೋಳ, ಬೇಳೆ, ಎಣ್ಣೆ ಒಮ್ಮೆಲೇ ತುಂಬಿಕೊಳ್ಳೋಣ ಎಂದು ಅತ್ತೆ ಹೇಳುತ್ತಾರೆ. ಬೈಕು ಮಾರಿ ಎಲೆಕ್ಟ್ರಿಕ್ ಸ್ಕೂಟರ್ ತರೋಣ ಎಂದು ಮನೆಯವರು. ಯಾವುದು ಸರಿ? ಕಳೆದ ತಿಂಗಳ ಅಂಗಡಿ ಚೀಟಿಯನ್ನು ಇದರ ಜೊತೆ ಕಳಿಸಿದ್ದೇನೆ.

ಉತ್ತರ: ಸೋದರಿ, ಚೀಟಿ ಕಳಿಸಿ ಒಳ್ಳೆಯದು ಮಾಡಿದಿರಿ. ಮನೆಖರ್ಚಿನ ಸಲಹೆ ಕೇಳಿ ಬರುವವರಲ್ಲಿ ಹೆಚ್ಚಿನವರು ಒಟ್ಟು ಮೊತ್ತವನ್ನಷ್ಟೇ ಹೇಳುತ್ತಾರೆ. ಅದರಿಂದ ಮರುಕಪಡಬಹುದೇ ಹೊರತು ದಾರಿ ತೋರಿಸಲಾಗದು. ನಿಮ್ಮ ಚೀಟಿಯಲ್ಲಿ ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆಯ ಉತ್ತರವೂ ಇದೆ. ಅದಕ್ಕೆ ಬರುವ ಮೊದಲು ಟಿವಿಯ ಮಾತನ್ನು ಬಗೆಹರಿಸಿಬಿಡೋಣ.

ಟಿವಿಯವರು ಹೇಳುವುದು ಸುಳ್ಳಲ್ಲ, ನಿಮ್ಮ ಅನುಭವವೂ ಸುಳ್ಳಲ್ಲ. 2024ರ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 6.21 ಇತ್ತು, ತರಕಾರಿಯದಂತೂ ಶೇ 42 ದಾಟಿತ್ತು. ಒಂದು ವರ್ಷ ಕಳೆದು 2025ರ ಅಕ್ಟೋಬರಿಗೆ ಬಂದರೆ ಹಣದುಬ್ಬರ ಶೇ 0.25 ಆಗಿತ್ತು. ಇದರ ಅರ್ಥ ಬೆಲೆಗಳು ಹಳೆಯ ಮಟ್ಟಕ್ಕೆ ಇಳಿದವು ಎಂದಲ್ಲ. ನೂರು ರೂಪಾಯಿಯ ಸಾಮಾನು ನೂರಾ ಆರು ರೂಪಾಯಿ ಆಗಿ, ಮುಂದಿನ ವರ್ಷ ಹೆಚ್ಚುಕಡಿಮೆ ಅಲ್ಲಿಯೇ ನಿಂತಿತು ಎಂದು ಅರ್ಥ. ಸರಕಾರದ ಲೆಕ್ಕ ಹೋದ ವರ್ಷದ ಇದೇ ತಿಂಗಳಿನೊಡನೆ ಹೋಲಿಸುತ್ತದೆ, ನೀವು ಎರಡು ವರ್ಷದ ಹಿಂದಿನ ಚೀಟಿಯೊಡನೆ ಹೋಲಿಸುತ್ತೀರಿ. ಅದಲ್ಲದೆ ಆ ಅಂಕಿ ಇಡೀ ದೇಶದ ಸರಾಸರಿ. ತರಕಾರಿ, ಬೇಳೆ ಇಳಿದು ಸರಾಸರಿಯನ್ನು ಕೆಳಗೆಳೆದ ಆ ದಿನಗಳಲ್ಲಿಯೂ ಅಡುಗೆ ಎಣ್ಣೆ ಏರುತ್ತಲೇ ಇತ್ತು, ಮತ್ತು ನಿಮ್ಮ ಚೀಟಿಯಲ್ಲಿ ಎಣ್ಣೆಯ ಪಾಲು ದೊಡ್ಡದು.

ಎಣ್ಣೆ ಏಕೆ ಏರಿತು ಎಂಬುದಕ್ಕೆ ನಿಮ್ಮ ಅಂಗಡಿಯವರು ಕಾರಣರಲ್ಲ. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರವು ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೇಲೆ ಶೇ 20ರಷ್ಟು ಮೂಲ ಆಮದು ಸುಂಕ ಹಾಕಿತು. 2025ರ ಮೇ ಕೊನೆಯಲ್ಲಿ ಅದನ್ನು ಶೇ 10ಕ್ಕೆ ಇಳಿಸಿತು. ಎಣ್ಣೆಕಾಳು ಬೆಳೆಯುವ ರೈತನಿಗೆ ಬೆಲೆ ಸಿಗಲಿ ಎಂಬುದು ಸುಂಕದ ಉದ್ದೇಶ, ಅದರ ಹೊರೆ ಬೀಳುವುದು ಒಗ್ಗರಣೆ ಹಾಕುವವರ ಮೇಲೆ. ಒಂದು ಕಾಲಕ್ಕೆ ನಮ್ಮ ಕಡೆ ಜೋಳದ ಹೊಲದ ಅಂಚಿಗೆ, ಅಕ್ಕಡಿ ಸಾಲಿಗೆ ಕುಸುಬಿ ಇಲ್ಲದ ಹೊಲವೇ ಇರಲಿಲ್ಲ, ಮನೆಯ ಎಣ್ಣೆ ಮನೆಯ ಹೊಲದಿಂದಲೇ ಗಾಣಕ್ಕೆ ಹೋಗಿ ಬರುತ್ತಿತ್ತು. ಮುಳ್ಳಿನ ಬೆಳೆ, ಕೊಯ್ಯಲು ಆಳು ಸಿಗುವುದಿಲ್ಲ ಎಂದು ಅದು ಹಿಂದೆ ಸರಿಯಿತು. ಇಂದು ಬಾಗಲಕೋಟೆ ಜಿಲ್ಲೆಯ ಅಡುಗೆಮನೆಯ ಖರ್ಚು ಉಕ್ರೇನಿನ ಯುದ್ಧಕ್ಕೂ ಇಂಡೊನೇಷ್ಯಾದ ರಫ್ತು ನೀತಿಗೂ ಅಂಟಿಕೊಂಡಿದೆ.

"ಡೀಸೆಲ್ ಏರಿತಲ್ಲ ಅಕ್ಕಾ, ಅದಕ್ಕೇ ಎಲ್ಲ ಏರಿದೆ" ಎಂದು ಅಂಗಡಿಯಲ್ಲಿ ಹೇಳುತ್ತಾರೆಂದು ಬರೆದಿದ್ದೀರಿ. ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಡೀಸೆಲ್ ಲೀಟರಿಗೆ ಎರಡು ರೂಪಾಯಿ ಏರಿತು ಎನ್ನಿ. 2025ರ ಏಪ್ರಿಲ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಶೇ 18.44ರಿಂದ 21.17ಕ್ಕೆ ಹೋದಾಗ ಏರಿದ್ದೂ ಅಷ್ಟೇ. ಹದಿನಾರು ಟನ್ ಹೊತ್ತ ಲಾರಿ ಲೀಟರಿಗೆ ನಾಲ್ಕು ಕಿ.ಮೀ.ನಂತೆ ಐನೂರು ಕಿ.ಮೀ. ಓಡಿದರೆ 125 ಲೀಟರ್ ಸುಡುತ್ತದೆ, ಹೆಚ್ಚುವರಿ ಖರ್ಚು 250 ರೂಪಾಯಿ. ಅದನ್ನು ಹದಿನಾರು ಸಾವಿರ ಕಿಲೋಗೆ ಹಂಚಿದರೆ ಕಿಲೋಗೆ ಒಂದೂವರೆ ಪೈಸೆ. ಲಾರಿ ಖಾಲಿ ಮರಳಿತು ಎಂದರೂ ಮೂರು ಪೈಸೆ. ಟ್ರ್ಯಾಕ್ಟರ್ ಬಾಡಿಗೆ, ರಾಶಿ ಯಂತ್ರ, ಸಣ್ಣ ಟೆಂಪೊಗಳ ಮೂಲಕ ಡೀಸೆಲ್ ಬೆಲೆ ವರ್ಷಗಳ ಮೇಲೆ ನಿಧಾನವಾಗಿ ಎಲ್ಲದರೊಳಗೂ ಇಳಿಯುತ್ತದೆ ಎಂಬುದು ನಿಜ. ಆದರೆ ಡೀಸೆಲ್ ಏರಿದ ವಾರವೇ ಬೇಳೆ ಕಿಲೋಗೆ ಐದು ರೂಪಾಯಿ ಏರಿದರೆ ಅದಕ್ಕೆ ಕಾರಣ ಬೇರೆ ಇರುತ್ತದೆ. ತೊಗರಿಯ ಉದಾಹರಣೆ ನೋಡಿ: 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವಾದವು, ಮರುವರ್ಷ ತೊಗರಿಬೇಳೆ ಬಡವರ ಕೈಗೆ ಎಟುಕದಂತಾಯಿತು. ಬೆಳೆ ಚೆನ್ನಾಗಿ ಬಂದು, ಆಮದೂ ಸೇರಿದ ಮೇಲೆ 2025ರಲ್ಲಿ ಅದೇ ಬೇಳೆ ಇಳಿಯಿತು.

ಈಗ ಚೀಟಿಗೆ ಬರುತ್ತೇನೆ. ಮೇಲ್ಗಡೆ ಹಿಂದಿನ ಬಾಕಿ 13,400 ಎಂದಿದೆ. ಈ ತಿಂಗಳ ಸಾಮಾನು 9,120. ನೀವು ಸಂಬಳದ ದಿನ ಕೊಟ್ಟದ್ದು 8,500. ಕೆಳಗೆ ಪೆನ್ಸಿಲಿನಲ್ಲಿ ಗೀಟು ಹಾಕಿ 14,020 ಎಂದು ಬರೆದಿದ್ದಾರೆ. ಲೆಕ್ಕದಲ್ಲಿ ತಪ್ಪಿಲ್ಲ, ನಿಮ್ಮ ಅಂಗಡಿಯವರು ಪ್ರಾಮಾಣಿಕರೇ. ಆ ಚೀಟಿಯ ಒಂದೊಂದು ಸಾಲಿನ ದರವನ್ನು ಬಾಗಲಕೋಟೆಯ ಕಿರಾಣಿ ಬಜಾರದಲ್ಲಿ ಅದೇ ವಾರ ನಗದಿಗೆ ಮಾರುವ ದರದೊಡನೆ ಇಟ್ಟು ನೋಡಿದೆ. ತೊಗರಿಬೇಳೆ ನಿಮಗೆ ಕಿಲೋಗೆ ಒಂಬತ್ತು ರೂಪಾಯಿ ಹೆಚ್ಚು ಬಿದ್ದಿದೆ, ಶೇಂಗಾ ಹದಿನಾಲ್ಕು, ಸಕ್ಕರೆ ಮೂರು. ಎಣ್ಣೆಯ ಪಾಕೀಟಿಗೆ ಎಂಆರ್‌ಪಿಯನ್ನೇ ಹಚ್ಚಿದ್ದಾರೆ. ನಗದು ಎಣಿಸಿಕೊಟ್ಟವರಿಗೆ ಎಂಆರ್‌ಪಿಗಿಂತ ಕಡಿಮೆಗೆ ಕೊಡುವುದು ಎಲ್ಲ ಕಡೆ ವಾಡಿಕೆ. ಒಟ್ಟು 9,120ರ ಸಾಮಾನು ನಗದಿನಲ್ಲಿ 8,510ಕ್ಕೆ ಬರುತ್ತಿತ್ತು. ಅಂತರ 610 ರೂಪಾಯಿ. ಒಂದು ತಿಂಗಳಲ್ಲಿ ನಿಮ್ಮ ಬಾಕಿ ಬೆಳೆದದ್ದು 620.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಂಗಡಿಯವರು ಬಡ್ಡಿ ಹಾಕುವುದಿಲ್ಲ ಎಂದು ನೀವು ಕೃತಜ್ಞತೆಯಿಂದ ಬರೆದಿದ್ದೀರಿ. ಬಡ್ಡಿ ಎಂಬ ಹೆಸರಿನಲ್ಲಿ ಹಾಕುವುದಿಲ್ಲ, ದರದೊಳಗೆ ಹಾಕುತ್ತಾರೆ. ತಿಂಗಳಿಗೆ 610 ಎಂದರೆ ವರ್ಷಕ್ಕೆ 7,320; ಅದನ್ನು ನಿಂತಿರುವ 14,000 ಬಾಕಿಯ ಮೇಲೆ ಲೆಕ್ಕ ಹಾಕಿದರೆ ನೂರಕ್ಕೆ ವರ್ಷಕ್ಕೆ 52 ರೂಪಾಯಿ ಬಡ್ಡಿಯಾಯಿತು. ಅಂಗಡಿಯವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಹತ್ತು ಮನೆಗೆ ಉದ್ರಿ ಕೊಟ್ಟವನಿಗೆ ಎರಡು ಮನೆಯ ದುಡ್ಡು ಮುಳುಗುತ್ತದೆ, ಆ ನಷ್ಟವನ್ನು ಅವನು ಉಳಿದ ಎಂಟು ಮನೆಗಳ ಮೇಲೆ ಹಂಚಲೇಬೇಕು. ಬೆಲೆ ಏರಿಕೆಯು ನಿಮ್ಮ ಮನೆಯನ್ನು ತಟ್ಟಿದ್ದು ನಿಜ. ಆದರೆ ತಟ್ಟಿದ ಏಟು ಮಾಯದೆ ಪ್ರತಿ ತಿಂಗಳೂ ಬೆಳೆಯುತ್ತಿರುವುದು ಉದ್ರಿಯಿಂದ. ಉದ್ರಿ ಇದ್ದವರು ದರ ಕೇಳಲಾರರು, ಅಂಗಡಿ ಬದಲಿಸಲಾರರು, ಇಳಿದ ಬೆಲೆಯ ಲಾಭವೂ ಅವರಿಗೆ ತಡವಾಗಿ ತಲುಪುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಾಬೂನು, ಟೂತ್‌ಪೇಸ್ಟ್, ಬಿಸ್ಕೀಟುಗಳ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ನಿಮ್ಮ ಚೀಟಿಯಲ್ಲಿ ಸಾಬೂನಿಗೆ ಹಳೆಯ ದರವೇ ಇದೆ; ಕೇಳಿದ್ದೀರಾ?

ಇದರಿಂದ ಹೊರಬರಲು ಮೂರು ದಾರಿಗಳಿವೆ. ಸೊಸೈಟಿಯಲ್ಲಿ 14,000ದಷ್ಟೇ ಸಾಲ ತೆಗೆದು ಅಂಗಡಿಗೆ ತೀರಿಸುವುದು ಒಂದು. ಶೇ 14ರ ಬಡ್ಡಿಯಲ್ಲಿ ವರ್ಷದೊಳಗೆ ಕಂತು ಕಟ್ಟಿದರೆ ಬಡ್ಡಿ 1,100 ರೂಪಾಯಿಯಷ್ಟಾಗುತ್ತದೆ, ಲೆಕ್ಕದಲ್ಲಿ ಇದು ಲಾಭವೇ. ಆದರೆ ನಾನು ಕಂಡ ಮನೆಗಳಲ್ಲಿ ಹೆಚ್ಚಿನವು ಸಾಲ ತೆಗೆದು ಉದ್ರಿ ತೀರಿಸಿ, ನಾಲ್ಕು ತಿಂಗಳಲ್ಲಿ ಮತ್ತೆ ಉದ್ರಿ ಹಚ್ಚಿವೆ. ಒಂದು ಸಾಲವಿದ್ದ ಕಡೆ ಎರಡಾಗಿವೆ. ಬಂಗಾರ ಒತ್ತೆ ಇಡುವುದು ಇನ್ನೊಂದು ದಾರಿ. ಬಡ್ಡಿ ಕಡಿಮೆ, ಆದರೆ ಕಂತು ತಪ್ಪಿದರೆ ಹರಾಜಿಗೆ ಹೋಗುವುದು ಕೊರಳಿನದು. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳನ್ನು ನಾನು ದಾರಿ ಎಂದೇ ಎಣಿಸುವುದಿಲ್ಲ.

ನನ್ನ ಒಲವು ಮೂರನೆಯದರ ಕಡೆಗೆ. ನೀವು ಈಗಾಗಲೇ ತಿಂಗಳಿಗೆ 8,500 ನಗದು ಕೊಡುತ್ತಲೇ ಇದ್ದೀರಿ, ಅದು ಉಂಡು ಮುಗಿದ ಸಾಮಾನಿಗೆ ಹೋಗುತ್ತಿದೆ. ಅಂಗಡಿಯವರ ಮುಂದೆ ಗಂಡಹೆಂಡತಿ ಇಬ್ಬರೂ ಕೂತು ನೇರವಾಗಿ ಮಾತಾಡಿ: "ಹಳೆಯ 14,020 ಅಲ್ಲಿಗೇ ನಿಲ್ಲಿಸಿರಿ, ಅದಕ್ಕೆ ತಿಂಗಳಿಗೆ 1,000 ಕೊಡುತ್ತೇವೆ. ಹೊಸ ಸಾಮಾನನ್ನು ನಗದು ಕೊಟ್ಟು ನಗದು ದರಕ್ಕೆ ಒಯ್ಯುತ್ತೇವೆ." ಕೇಳುವುದು ಮುಜುಗರದ ಕೆಲಸವೇ. ಆದರೆ ಅಂಗಡಿಯವರಿಗೆ ಗಿರಾಕಿ ತಪ್ಪಿಹೋಗುವ, ಬಾಕಿ ಮುಳುಗುವ ಅಂಜಿಕೆ ನಿಮಗಿಂತ ಹೆಚ್ಚು. ಹತ್ತರಲ್ಲಿ ಏಳೆಂಟು ಜನ ಒಪ್ಪಿದ್ದನ್ನು ನೋಡಿದ್ದೇನೆ. ಒಪ್ಪದಿದ್ದರೆ ಬೇಳೆ, ಎಣ್ಣೆ, ಸಕ್ಕರೆ ಈ ಮೂರನ್ನಾದರೂ ಹೊರಗೆ ನಗದಿನಲ್ಲಿ ತನ್ನಿ. ಹೊಸ ಪದ್ಧತಿಯ ಮೊದಲ ತಿಂಗಳು ಬಿಗಿಯಾಗುತ್ತದೆ, ಇಪ್ಪತ್ತನೆಯ ತಾರೀಖಿಗೆ ಡಬ್ಬಿ ಖಾಲಿಯಾದಾಗ ಕೈ ತಾನಾಗಿ ಉದ್ರಿ ಪುಸ್ತಕದ ಕಡೆ ಹೋಗುತ್ತದೆ. ಆದ್ದರಿಂದ ಒಮ್ಮೆಗೇ ತಿಂಗಳ ಸಾಮಾನು ತರದೆ ವಾರವಾರ ತನ್ನಿ.

ನಗದಿನಲ್ಲಿ ಕೊಳ್ಳುವಾಗ ಗಮನಿಸಬೇಕಾದ ಒಂದು ಸಂಗತಿ ಇದೆ, ಇದರಲ್ಲಿ ಓದಿದವರೂ ಮೋಸಹೋಗುತ್ತಾರೆ. ಒಂದು ಲೀಟರ್ ಎಣ್ಣೆ ಒಂದು ಕಿಲೋ ಅಲ್ಲ, ಸುಮಾರು 910 ಗ್ರಾಂ. ಹದಿನೈದು ಲೀಟರಿನ ಡಬ್ಬದಲ್ಲಿ ಇರುವುದು ಹದಿಮೂರುವರೆ ಕಿಲೋ ಚಿಲ್ಲರೆ; ಹದಿನೈದು ಕಿಲೋದ ಡಬ್ಬ ಬೇರೆ. ಎರಡೂ ಒಂದೇ ಎತ್ತರ ಕಾಣುತ್ತವೆ. ಪಾಕೀಟುಗಳಲ್ಲಿಯೂ 800, 850 ಗ್ರಾಂ ಎಂಬ ಬೆಸ ತೂಕಗಳು ಬಂದಿವೆ, ಆದ್ದರಿಂದ ಪಾಕೀಟಿನ ಬೆಲೆಯನ್ನು ನೋಡದೆ ಗ್ರಾಂ ಲೆಕ್ಕದ ದರವನ್ನು ನೋಡಬೇಕು. ಅದನ್ನು ಈಗ ಪಾಕೀಟಿನ ಮೇಲೆಯೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅಕ್ಕಿ, ಬೇಳೆ, ಹಿಟ್ಟು ಚೀಲದಿಂದ ಬಿಡಿಯಾಗಿ ತೂಗಿಸಿಕೊಂಡರೆ ಜಿಎಸ್‌ಟಿ ಇಲ್ಲ. ಅದೇ ಸಾಮಾನು 25 ಕಿಲೋದವರೆಗಿನ, ಹೆಸರು ಹಚ್ಚಿ ಮುಚ್ಚಿದ ಪಾಕೀಟಿನಲ್ಲಿದ್ದರೆ 2022ರ ಜುಲೈಯಿಂದ ಶೇ 5 ಇದೆ. ಬಿಡಿ ಎಣ್ಣೆಯ ಮಾತು ಬೇರೆ. ಅದರಲ್ಲಿ ಬೆರಕೆಯ ಭಯವಿದೆ, ಅಗ್ಗವೆಂದು ಅದಕ್ಕೆ ಹೋಗಬೇಡಿ. ಅದರ ಬದಲು ಬಳಕೆಯನ್ನು ಇಳಿಸಿ: ನಿಮ್ಮ ಚೀಟಿಯಲ್ಲಿ ಏಳು ಲೀಟರ್ ಇದೆ. ಒಬ್ಬರಿಗೆ ದಿನಕ್ಕೆ 25ರಿಂದ 30 ಗ್ರಾಂ ಸಾಕು ಎನ್ನುತ್ತಾರೆ ಆಹಾರ ತಜ್ಞರು, ಆ ಲೆಕ್ಕದಲ್ಲಿ ಐದು ಜನಕ್ಕೆ ತಿಂಗಳಿಗೆ ಐದು ಲೀಟರಿನೊಳಗೆ ಆಗಬೇಕು. ಒಂದೂವರೆ ಲೀಟರ್ ಕಡಿಮೆ ಮಾಡಿದರೂ 250 ರೂಪಾಯಿಯ ಹತ್ತಿರ ಉಳಿಯುತ್ತದೆ.

ಸಿಲಿಂಡರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಳು ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸುವುದು ನಿಮಗೆ ಗೊತ್ತೇ ಇದೆ. ಆದರೆ ದಿನಕ್ಕೆ ಎರಡು ಹೊತ್ತು ಹೆಂಚು ಕಾಯಿಸಿ ರೊಟ್ಟಿ ಬಡಿಯುವ ಮನೆಯಲ್ಲಿ ಗ್ಯಾಸು ಹೆಚ್ಚಾಗಿ ಸುಡುವುದು ಹೆಂಚಿನ ಕೆಳಗೆ. ವಾರಕ್ಕೆರಡು ಸಲ ಕೂತು ಖಡಕ್ ರೊಟ್ಟಿ ಮಾಡಿಟ್ಟುಕೊಂಡರೆ ಸಿಲಿಂಡರು ನಾಲ್ಕೈದು ದಿನ ಹೆಚ್ಚು ಬಂದದ್ದನ್ನು ಹಲವು ಮನೆಯವರು ನನಗೆ ಹೇಳಿದ್ದಾರೆ.

ಇನ್ನು ಪೆಟ್ರೋಲ್. ಇದರ ಮೇಲೆ ಜಿಎಸ್‌ಟಿ ಇಲ್ಲ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಂತಿಷ್ಟು ಎಂದು, ರಾಜ್ಯದ ಮಾರಾಟ ತೆರಿಗೆ ನೂರಕ್ಕೆ ಇಂತಿಷ್ಟು ಎಂದು ಬೀಳುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ತನ್ನ ಪಾಲನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ಲೀಟರಿಗೆ ಮೂರು ರೂಪಾಯಿ ಹೆಚ್ಚಾಗಿ ಎಲ್ಲೆಡೆ ಗದ್ದಲವೆದ್ದಿತು. ನಿಮ್ಮ ಮನೆಯವರು ತಿಂಗಳಿಗೆ 25 ದಿನ ಓಡಾಡಿದರೆ 1,250 ಕಿ.ಮೀ., ಬೈಕು 45 ಕಿ.ಮೀ. ಕೊಟ್ಟರೆ ಸುಮಾರು 28 ಲೀಟರ್. ಆ ಮೂರು ರೂಪಾಯಿ ನಿಮ್ಮ ಮನೆಗೆ ತಿಂಗಳಿಗೆ 84 ರೂಪಾಯಿ ತಂದಿತು, ಅಷ್ಟೇ. ದರ ಏರುವ ಹಿಂದಿನ ರಾತ್ರಿ ಬಂಕಿನ ಮುಂದೆ ಸಾಲುಗಟ್ಟಿ ನಿಲ್ಲುವುದು, ನಸುಕಿನಲ್ಲಿ ತಂಪಿದ್ದಾಗ ತುಂಬಿಸಿದರೆ ಹೆಚ್ಚು ಸಿಗುತ್ತದೆ ಎಂಬುದು, ನೂರರ ಬದಲು ನೂರಾ ಹತ್ತು ರೂಪಾಯಿಯದು ಹಾಕಿಸುವುದು, ಇವುಗಳಿಂದ ಏನೂ ಆಗದು. ಬಂಕಿನ ಟ್ಯಾಂಕು ನೆಲದೊಳಗೆ ಇರುವುದರಿಂದ ನಸುಕಿಗೂ ಮಧ್ಯಾಹ್ನಕ್ಕೂ ಅಂತಹ ವ್ಯತ್ಯಾಸವಿಲ್ಲ. ಟೈರಿನ ಗಾಳಿ ವಾರಕ್ಕೊಮ್ಮೆ ನೋಡುವುದು, ಐವತ್ತರ ವೇಗ ದಾಟದಿರುವುದು ಅದಕ್ಕಿಂತ ಹೆಚ್ಚು ಉಳಿಸುತ್ತವೆ.

ಸ್ಕೂಟರಿನ ಲೆಕ್ಕ ಹೀಗೆ. ಪೆಟ್ರೋಲ್ ಲೀಟರಿಗೆ 103 ಎಂದು ಹಿಡಿದರೆ ಕಚೇರಿ ಓಡಾಟಕ್ಕೆ 2,860 ರೂಪಾಯಿ. ಎಲೆಕ್ಟ್ರಿಕ್ ಸ್ಕೂಟರಿಗೆ ಅದೇ ದೂರಕ್ಕೆ 40–50 ಯೂನಿಟ್ ವಿದ್ಯುತ್ ಬೇಕು, ಖರ್ಚು ಮುನ್ನೂರು ಚಿಲ್ಲರೆ. ಉಳಿತಾಯ 2,500 ಎನ್ನಿ. ಬೈಕು ಮಾರಿದ ದುಡ್ಡಿನ ಮೇಲೆ ಒಂದು ಲಕ್ಷ ಸಾಲ ತೆಗೆದರೆ ಶೇ 11ರ ಬಡ್ಡಿಯಲ್ಲಿ ಮೂರು ವರ್ಷ ಕಂತು 3,270. ಕಂತು ಮುಗಿಯುವವರೆಗೆ ಪ್ರತಿ ತಿಂಗಳೂ 770 ರೂಪಾಯಿ ಕೈಯಿಂದ ಹೋಗುತ್ತದೆ. ಲಾಭ ಬರುವುದು ನಾಲ್ಕನೆಯ ವರ್ಷದಿಂದ, ಅಷ್ಟು ಹೊತ್ತಿಗೆ ಹಲವು ಗಾಡಿಗಳ ಬ್ಯಾಟರಿ ವಾರಂಟಿ ಮುಗಿದಿರುತ್ತದೆ. ಗೃಹಜ್ಯೋತಿಯ ವಿಷಯವನ್ನೂ ಮರೆಯಬೇಡಿ. ನಿಮಗೆ ಉಚಿತವಿರುವುದು ಹಳೆಯ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ಮಾತ್ರ. ಅದರ ಮೇಲಿನದಕ್ಕೆ ಹಣ ಕಟ್ಟಬೇಕು, ಒಟ್ಟು ಬಳಕೆ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲು ನಿಮ್ಮದೇ. ಉದ್ರಿ ತೀರಿ, ಕೈಯಲ್ಲಿ ಅರ್ಧದಷ್ಟಾದರೂ ದುಡ್ಡು ಕೂಡಿದ ಮೇಲೆ ಸ್ಕೂಟರಿನ ಮಾತು ತೆಗೆಯಿರಿ, ಈಗ ಬೇಡ.

ಗುಳೇದಗುಡ್ಡದಿಂದ ನವನಗರಕ್ಕೆ ದಿನಾ ಬೈಕಿನಲ್ಲಿ ಹೋಗುವವರು ನಿಮ್ಮ ಮನೆಯವರು ಒಬ್ಬರೇ ಅಲ್ಲ. ಅದೇ ಹೊತ್ತಿಗೆ ಹೋಗುವ ಒಬ್ಬರು ಜೊತೆಯಾದರೆ ಒಂದು ದಿನ ಇವರ ಗಾಡಿ, ಮರುದಿನ ಅವರದು. ಖರ್ಚು ಅರ್ಧಕ್ಕೆ ಇಳಿದು 1,430 ಉಳಿಯುತ್ತದೆ. ಜೊತೆ ಸಿಗದಿದ್ದರೆ ಬಸ್ಸಿನ ತಿಂಗಳ ಪಾಸಿನ ದರವನ್ನು ವಿಚಾರಿಸಿ. ಶಕ್ತಿ ಯೋಜನೆಯ ಟಿಕೀಟು ಅವರಿಗಿಲ್ಲವಾದರೂ ನಿಮಗಿದೆ. ಆದ್ದರಿಂದ ಬಾಗಲಕೋಟೆಯ ಬಜಾರಕ್ಕೆ ಬೇಳೆ, ಎಣ್ಣೆ ತರಲು ಹೋಗಬೇಕಾದವರು ನೀವು, ಅವರಲ್ಲ.

ಪೆಟ್ರೋಲಿನಲ್ಲಿ 1,430, ಎಣ್ಣೆಯಲ್ಲಿ 250, ಒಟ್ಟು 1,680 ಕೈಗೆ ಬಂತು. ಇದರಲ್ಲಿ ಮೊದಲ 700 ಹಾಲಿಗೆ ಹೋಗಲಿ, ಅರ್ಧ ಲೀಟರ್ ಮತ್ತೆ ಒಂದು ಲೀಟರ್ ಆಗಲಿ. ಖರ್ಚು ಕಡಿಮೆ ಮಾಡಲು ಹೊರಟ ಮನೆಗಳು ಮೊದಲು ಕೈಹಾಕುವುದು ಹಾಲು, ಮೊಟ್ಟೆ, ಕಾಳುಗಳಿಗೆ, ಕೊನೆಯವರೆಗೂ ಮುಟ್ಟದಿರುವುದು ಪಾಕೀಟಿನ ಚೂಡಾ, ಬಿಸ್ಕೀಟುಗಳನ್ನು; ನಿಮ್ಮ ಚೀಟಿಯಲ್ಲಿಯೂ ಹಾಗೆಯೇ ಇದೆ. ಉಳಿದ 980ಕ್ಕೆ ಇಪ್ಪತ್ತು ಸೇರಿಸಿ ಅಂಗಡಿಯ ಹಳೆಯ ಬಾಕಿಗೆ ಕಟ್ಟಿ.

ನಿಮ್ಮ ಅತ್ತೆಯವರ ಸಲಹೆಯನ್ನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಅದರಲ್ಲಿ ತಪ್ಪಿರುವುದು ಸಾಲದ ಭಾಗ ಮಾತ್ರ. 40,000ಕ್ಕೆ ವರ್ಷದ ಕಂತು ತಿಂಗಳಿಗೆ 3,600ರ ಹತ್ತಿರ, ಬಡ್ಡಿಯೇ 3,100. ಜೋಳ, ಬೇಳೆ, ಎಣ್ಣೆ ಮೂರಕ್ಕೂ ನೀವು ಈಗ ತಿಂಗಳಿಗೆ ಅಷ್ಟು ಕೊಡುತ್ತಿಲ್ಲ. ಎಣ್ಣೆಗೆ ಸುಗ್ಗಿ ಎಂಬುದಿಲ್ಲ, ಅದರ ಬೆಲೆ ಆಮದು ಸುಂಕ ನೋಡಿ ಏರಿಳಿಯುತ್ತದೆ. ವರ್ಷದ್ದು ತುಂಬಿಟ್ಟರೆ ಕಮಟುವ ಭಯ ಬೇರೆ. ಜೋಳದ ಮಾತು ಹಾಗಲ್ಲ. ಹಿಂಗಾರಿ ಬಿಳಿಜೋಳ ಫೆಬ್ರುವರಿ, ಮಾರ್ಚಿನಲ್ಲಿ ಕಣದಿಂದ ಹೊರಬೀಳುತ್ತದೆ, ಆಗ ಇರುವ ದರ ಮಳೆಗಾಲ ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಭಿಶಿಯ ನಂಬರೂ ಮಾರ್ಚಿಗೇ ಇದೆ. ಓಣಿಯ ಭಿಶಿಗೆ ನೋಂದಣಿ ಇರುವುದಿಲ್ಲ, ಯಾರಾದರೂ ಕೈಯೆತ್ತಿದರೆ ಕೇಳಲು ಕಾಗದವಿಲ್ಲ, ಆದ್ದರಿಂದ ನಂಬರು ಬಂದ ದಿನವೇ ದುಡ್ಡು ಕೈಗೆ ತೆಗೆದುಕೊಳ್ಳಿ. ಉಳಿದ ತಿಂಗಳುಗಳ ಕಂತನ್ನೂ ತಪ್ಪಿಸಬೇಡಿ. ಅಷ್ಟರೊಳಗೆ ಅಂಗಡಿಗೆ ಸಾವಿರದ ನಾಲ್ಕು ಕಂತು ಕಟ್ಟಿದ್ದರೆ ಅಲ್ಲಿ ಉಳಿಯುವುದು 10,020. ಅದನ್ನು ತೀರಿಸಿ ಗೀಟು ಹೊಡೆಸಿಕೊಂಡ ಮೇಲೆ 13,980 ಉಳಿಯುತ್ತದೆ, ಜೋಳವನ್ನು ಅದರಲ್ಲಿ ಕೊಳ್ಳಿ.

ಎಷ್ಟು ಕೊಳ್ಳಬೇಕು ಎಂಬುದಕ್ಕೆ ಒಂದು ಮಿತಿ ಇರಲಿ. ಐದು ಜನರ ಮನೆಗೆ, ಅನ್ನವೂ ಇರುವುದರಿಂದ, ತಿಂಗಳಿಗೆ 25 ಕಿಲೋ ಜೋಳ ಸಾಕು. ದೀಪಾವಳಿಯವರೆಗೆ ಎರಡು ಕ್ವಿಂಟಲ್ ಆಗುತ್ತದೆ. ನೆಲದೊಳಗೆ ಕಾಳು ತುಂಬಿಡುವ ಹಗೇವು ಇದ್ದ ಕಾಲದ ಹಾಗೆ ವರ್ಷಗಟ್ಟಲೆ ಇಡಲು ಇಂದಿನ ಮನೆಗಳಲ್ಲಿ ಜಾಗವಿಲ್ಲ, ಹುಳು ಬಿದ್ದು ಹತ್ತು ಕಿಲೋ ಹಾಳಾದರೆ ಸುಗ್ಗಿಯ ಲಾಭ ಅಲ್ಲಿಗೇ ಮುಗಿಯಿತು. ಕಾಳು ಸರಿಯಾಗಿ ಒಣಗಿದೆಯೇ ಎಂದು ಹಲ್ಲಿಗೆ ಕಚ್ಚಿ ನೋಡಬೇಕು, ಕಟ್ ಎಂದು ಮುರಿಯಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೂ ಎರಡು ಬಿಸಿಲು ಬೇಕು. ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಹಾಕಿ, ಚೀಲವನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಬೇಕು. ಕಣದಲ್ಲಿ ಕಾಳು ಆರಿಸುವ ಈ ಕೆಲಸಕ್ಕೆ ನಿಮ್ಮ ಅತ್ತೆಯವರನ್ನೇ ಕರೆದುಕೊಂಡು ಹೋಗಿ.